ಸುದ್ದಿ ತಡೆಯುವ ಗುಂಡು

ಗ್ಯಾರೇಜಿನ ಬಾಗಿಲು ಗರಗರ ಎನ್ನುತ್ತ ಮಡಚಿಕೊಂಡು ಮೇಲೇರಿತು. ಅದಕ್ಕೇ ಕಾದಿದ್ದಂತೆ ಮೆಕ್ಕೆಜೋಳದ ಧೂಳು ಒಳಗೆ ಬಂತು. ಅಕ್ಟೋಬರ್ ಕೊನೆಯ ಭಾನುವಾರ, ಬೆಳಗಿನ ಒಂಬತ್ತು ಗಂಟೆ. ರಸ್ತೆಯಾಚೆ ಹೊಲ ಶುರುವಾಗುತ್ತದೆ. ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕಷ್ಟ. ತುದಿಯಲ್ಲೆಲ್ಲೋ ಕೊಯ್ಲಿನ ಯಂತ್ರವೊಂದು ತನ್ನ ಧೂಳಿನ ಮೋಡವನ್ನು ತಾನೇ ಎಳೆದುಕೊಂಡು ಹೋಗುತ್ತಿತ್ತು. ನಮ್ಮ ಚನ್ನರಾಯಪಟ್ಟಣದ ಕಡೆಯದೂ ಬಯಲುಸೀಮೆಯೇ. ಆದರೆ ಅಲ್ಲಿ ಕಣ್ಣು ನಾಲ್ಕು ಮೈಲಿ ಓಡುವುದರೊಳಗೆ ಒಂದು ಬೋಳುಗುಡ್ಡವೋ ಒಂದು ಕೆರೆ ಏರಿಯೋ ಅಡ್ಡ ಬಂದು ನಿಲ್ಲಿಸುತ್ತದೆ. ಇಲ್ಲಿ ನಿಲ್ಲಿಸುವವರೇ ಇಲ್ಲ.

“ಮಾವ, ಸ್ಟೂಲ್ ಈ ಕಡೆ ಹಾಕ್ಕೊಳ್ಳಿ, ಬಿಸಿಲು ಬೀಳುತ್ತೆ” ಎಂದ ಅಳಿಯ. ತಂಗಿಯ ಮಗ.

ಬಿಸಿಲು ಬಣ್ಣಕ್ಕೆ ಮಾತ್ರ ಇತ್ತು. ಚಳಿ ಎಂಟು ಡಿಗ್ರಿ. ಸ್ವೆಟರಿನ ಮೇಲೆ ಅವನ ಹಳೇ ಜಾಕೆಟ್ ಹಾಕಿಕೊಂಡು, ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಅವುಚಿ ಕೂತೆ. ಈ ಮನೆಗಳಲ್ಲಿ ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಒಂದೇ ಬಾಗಿಲು. ಅದರಾಚೆಯಿಂದ ಸಾಂಬಾರಿನ ಪುಡಿ ಹುರಿಯುವ ವಾಸನೆ ಬರುತ್ತಿತ್ತು, ಈಚೆಯಿಂದ ಎಂಜಿನ್ ಆಯಿಲಿನದು. ಎರಡೂ ಸಂಧಿಸುವ ಜಾಗದಲ್ಲಿ ನನ್ನ ಸ್ಟೂಲ್.

ಊರಿನ ಹೆಸರು ನಾರ್ಮಲ್. ಅಮೆರಿಕದ ಇಲಿನಾಯ್ ರಾಜ್ಯದ ನಡುಭಾಗ. ಹೆಸರು ಕೇಳಿ ನಗಬೇಡಿ. 1857ರಲ್ಲಿ ಇಲ್ಲಿ ಮೇಷ್ಟರುಗಳನ್ನು ತಯಾರು ಮಾಡುವ ನಾರ್ಮಲ್ ಯೂನಿವರ್ಸಿಟಿ ಶುರುವಾಯಿತು. ನಾರ್ತ್ ಬ್ಲೂಮಿಂಗ್ಟನ್ ಎಂದು ಕರೆಸಿಕೊಳ್ಳುತ್ತಿದ್ದ ಊರು 1865ರಲ್ಲಿ ಆ ಹೆಸರನ್ನೇ ಇಟ್ಟುಕೊಂಡಿತು. ನಮ್ಮ ಅಜ್ಜಂದಿರ ಕಾಲದಲ್ಲೂ ಮೇಷ್ಟರಾಗಬೇಕಾದವರು ನಾರ್ಮಲ್ ಸ್ಕೂಲಿಗೇ ಹೋಗುತ್ತಿದ್ದದ್ದು. ಹಾಗಾಗಿ ಈ ಊರಿನ ಮೇಲೆ ನನಗೆ ಮೊದಲ ದಿನದಿಂದಲೇ ಒಂದು ದೂರದ ನೆಂಟಸ್ತನ. ಒತ್ತಿನಲ್ಲೇ ಬ್ಲೂಮಿಂಗ್ಟನ್. 1922ರಲ್ಲಿ ರೈತನೊಬ್ಬ ರೈತರ ಕಾರುಗಳಿಗೆ ವಿಮೆ ಮಾಡಿಸಲೆಂದು ಅಲ್ಲಿ ಕಟ್ಟಿದ ಸ್ಟೇಟ್ ಫಾರ್ಮ್ ಈಗ ದೇಶದ ದೊಡ್ಡ ವಿಮಾ ಕಂಪನಿಗಳಲ್ಲೊಂದು. ವಿಮೆಯ ಹಿಂದೆ ಕಂಪ್ಯೂಟರ್ ಬಂತು, ಕಂಪ್ಯೂಟರಿನ ಹಿಂದೆ ನಮ್ಮವರು ಬಂದರು. ಅಳಿಯನದೂ ವಿಮೆಯ ಕೆಲಸವೇ. ವಾರಕ್ಕೆ ಐದು ದಿನ ಯಾರ ಕಾರಿಗೆ ಎಷ್ಟು ಅಪಾಯ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುತ್ತಾನೆ. ಇವತ್ತು ಭಾನುವಾರ. ತನ್ನ ಕಾರಿಗೆ ತಾನೇ ಒಂದಿಷ್ಟು ಅಪಾಯ ಕೂಡಿಸಲು ಹೊರಟಿದ್ದಾನೆ.

ಆ ಕಾರು 1997ರ ಮಿತ್ಸುಬಿಷಿ ಎಕ್ಲಿಪ್ಸ್, ಜಿಎಸ್-ಟಿ ಎಂಬ ಟರ್ಬೋ ಮಾದರಿ. ಎರಡು ಬಾಗಿಲು, ಕೆಂಪು ಬಣ್ಣ, ಮೈಯೆಲ್ಲ ದುಂಡು. ಮೂಗನ್ನು ನೆಲಕ್ಕೆ ತಾಗಿಸಿ ಮಲಗಿದ ನಾಯಿಯ ಹಾಗೆ ಕಾಣುತ್ತದೆ. 2001ರಲ್ಲಿ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ನೋಡಿದವರಿಗೆ ಇದರ ಹಸಿರು ಬಣ್ಣದ ಅಣ್ಣ ನೆನಪಿರಬಹುದು. ಆಗ ಹಾಸನದಲ್ಲಿ ಪಿಯುಸಿ ಓದುತ್ತಿದ್ದ ಇವನು ಆ ಕಾರಿನ ಚಿತ್ರವನ್ನು ದೇವರ ಕ್ಯಾಲೆಂಡರಿನ ಪಕ್ಕ ಅಂಟಿಸಿ ಭಾವನ ಕೈಲಿ ಬೈಸಿಕೊಂಡಿದ್ದ. ಕೊನೆಗೂ ಚಿತ್ರ ಗೋಡೆಯಿಂದಿಳಿದು ಗ್ಯಾರೇಜಿಗೆ ಬಂತು.

“ಜಪಾನಿಂದ ಹಡಗಲ್ಲಿ ಬಂದಿದ್ದೇನೋ?”

“ಇಲ್ಲ ಮಾವ, ಇದು ಇಲ್ಲೇ ಹುಟ್ಟಿದ್ದು. ಊರ ಪಶ್ಚಿಮಕ್ಕೆ, ಕಾರಲ್ಲಿ ಹತ್ತು ನಿಮಿಷ.”

ನಾನು ನಂಬಲಿಲ್ಲ, ಆಮೇಲೆ ನಂಬಬೇಕಾಯಿತು. 1985ರಲ್ಲಿ ಅಮೆರಿಕದ ಕ್ರೈಸ್ಲರ್, ಜಪಾನಿನ ಮಿತ್ಸುಬಿಷಿ ಎರಡೂ ಕೂಡಿ ಡೈಮಂಡ್-ಸ್ಟಾರ್ ಮೋಟರ್ಸ್ ಎಂದು ಕಂಪನಿ ಮಾಡಿದವು. ಮಿತ್ಸುಬಿಷಿಯ ಮೂರು ವಜ್ರ, ಕ್ರೈಸ್ಲರಿನ ಐದು ಮೂಲೆಯ ನಕ್ಷತ್ರ. ಹೆಸರು ಹಾಗೆ ಕೂಡಿತು. ಹೊಲದ ನಡುವೆ ಎದ್ದ ಕಾರ್ಖಾನೆಯಿಂದ 1988ರಲ್ಲಿ ಕಾರುಗಳು ಹೊರಬರತೊಡಗಿದವು. ಅಲ್ಲಿನ ಟರ್ಬೋ ಕಾರುಗಳನ್ನು ಹುಚ್ಚು ಹಿಡಿಸಿಕೊಂಡವರು ಇಂದಿಗೂ ಡಿಎಸ್‌ಎಂ ಎಂದೇ ಕರೆಯುವುದು. 2015ರ ನವೆಂಬರಿನಲ್ಲಿ ಅಲ್ಲಿ ಕಾರು ತಯಾರಿಕೆ ನಿಂತಿತು. 2017ರಲ್ಲಿ ರಿವಿಯನ್ ಕಂಪನಿ ಆ ಕಾರ್ಖಾನೆ ಕೊಂಡಿತು. ಈಗ ಅಲ್ಲಿ ವಿದ್ಯುತ್ ಪಿಕಪ್‌ಗಳೂ ಅಮೆಜಾನಿನ ವ್ಯಾನುಗಳೂ ಆಗುತ್ತವೆ. ಸೈಲೆನ್ಸರೇ ಇಲ್ಲದ ಗಾಡಿಗಳು. ನಮ್ಮ ಇವತ್ತಿನ ಕೆಲಸವೋ, ಪೂರ್ತಿ ಹೊಗೆಯ ಮೇಲೆ ನಿಂತದ್ದು.

ಟರ್ಬೋದ ಕೆಲಸ ಹೇಳಲು ಸುಲಭ. ಎಂಜಿನ್ ಬಿಡುವ ಬಿಸಿ ಹೊಗೆ ಸೈಲೆನ್ಸರಿನ ದಾರಿ ಹಿಡಿಯುವ ಮುಂಚೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿ ಇನ್ನೊಂದು ಚಕ್ರ; ಅದು ಹೊರಗಿನ ಗಾಳಿಯನ್ನು ಹಿಡಿದು, ಒತ್ತಿ, ಎಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲ್ ಹೆಚ್ಚು, ಪೆಟ್ರೋಲ್ ಹೆಚ್ಚಾದರೆ ಹೊಗೆ ಹೆಚ್ಚು, ಹೊಗೆ ಹೆಚ್ಚಾದರೆ ಮತ್ತೆ ಗಾಳಿ ಹೆಚ್ಚು. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಆ ದಂಡ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದರ ಪೇಟೆಂಟ್ ಹಿಡಿದದ್ದು 1905ರಲ್ಲಿ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ವಿಮಾನದ ಎಂಜಿನ್ನೊಂದನ್ನು ಲಾರಿಯ ಮೇಲೆ ಹೇರಿಕೊಂಡು ಕೊಲರಾಡೋದ ಪೈಕ್ಸ್ ಪೀಕ್ ಬೆಟ್ಟ ಹತ್ತಿದ. ಸುಮಾರು 4300 ಮೀಟರ್ ಎತ್ತರ. ಮನುಷ್ಯರಿಗೇ ಉಸಿರು ಸಾಲದು. ಅಲ್ಲಿಯೂ ಟರ್ಬೋ ಎಂಜಿನ್ನಿನ ಉಸಿರು ಉಳಿಸಿತು. ಅಂಗಡಿಯಲ್ಲಿ ಕೊಳ್ಳುವ ಕಾರಿಗೆ ಅದು ಬಂದದ್ದು 1962ರಲ್ಲಿ, ಇದೇ ಅಮೆರಿಕದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್, ಷೆವರ್ಲೆ ಕೋರ್ವೇರ್ ಕಾರುಗಳ ಜೊತೆ.

ಹೀಗೆ ತನ್ನನ್ನು ತಾನೇ ಏರಿಸಿಕೊಳ್ಳುತ್ತ ಹೋಗುವ ಸುತ್ತಿಗೆ ಯಾರಾದರೂ ‘ಸಾಕು’ ಎನ್ನಬೇಕಲ್ಲ. ಆ ‘ಸಾಕು’ ಎನ್ನುವ ಜಾಗವನ್ನು ಅಳಿಯ ಟಾರ್ಚ್ ಬಿಟ್ಟು ತೋರಿಸಿದ. ರೇಡಿಯೇಟರಿನ ಹಿಂದೆಯೇ ತುಕ್ಕಿನ ಬಣ್ಣದ ಬಸವನಹುಳುವಿನ ಹಾಗೆ ಟರ್ಬೋ ಕೂತಿತ್ತು. ಅದರ ಬೆನ್ನಿಗೆ ಒಂದು ತಗಡಿನ ಡಬ್ಬಿ, ಡಬ್ಬಿಯಿಂದ ಹೊರಟ ಕಡ್ಡಿ, ಕಡ್ಡಿಯ ತುದಿಗೆ ಒಂದು ಮುಚ್ಚಳ. ಮುಚ್ಚಳ ತೆರೆದರೆ ಹೊಗೆ ಚಕ್ರದ ಮೇಲೆ ಹೋಗದೆ ಪಕ್ಕದಿಂದ ಪಾರಾಗುತ್ತದೆ. ಇವರು ಅದನ್ನು ವೇಸ್ಟ್‌ಗೇಟ್ ಎನ್ನುತ್ತಾರೆ.

“ತೂಬು” ಎಂದೆ.

“ಹಾಂ?”

“ತೂಬು ಕಣೋ. ಈ ಡಬ್ಬಿ ನೀರಗಂಟಿ.”

ಅವನಿಗೆ ಹಿಡಿಸಿತು. ಕೆರೆ ತುಂಬುತ್ತಿದೆ ಎಂಬ ಸುದ್ದಿ ತಲುಪಿದರೆ ನೀರಗಂಟಿ ಎದ್ದು ಹೋಗಿ ತೂಬು ಎತ್ತುತ್ತಾನೆ. ಸುದ್ದಿ ತಲುಪದಿದ್ದರೆ ಕಂಬಳಿ ಹೊದ್ದು ಮಲಗಿರುತ್ತಾನೆ. ಈ ಡಬ್ಬಿಗೂ ಸುದ್ದಿ ಬರಬೇಕು. ಅದಕ್ಕೇ ಟರ್ಬೋ ಗಾಳಿ ಒತ್ತುವ ಬಾಯಿಂದ ಡಬ್ಬಿಗೆ ಒಂದು ರಬ್ಬರ್ ಕೊಳವೆ, ನಮ್ಮ ಕಿರುಬೆರಳಿಗಿಂತ ಸಪೂರ. ಒತ್ತಡ ಆ ಕೊಳವೆಯಲ್ಲಿ ಬಂದು ಡಬ್ಬಿಯೊಳಗಿನ ಚರ್ಮದಂಥ ಪೊರೆಯನ್ನು ತಳ್ಳುತ್ತದೆ, ಪೊರೆ ಸ್ಪ್ರಿಂಗನ್ನು ತಳ್ಳುತ್ತದೆ, ಸ್ಪ್ರಿಂಗ್ ಸೋತ ಕ್ಷಣ ಕಡ್ಡಿ ಸರಿದು ಮುಚ್ಚಳ ತೆರೆಯುತ್ತದೆ. ಅಷ್ಟೂ ವ್ಯವಹಾರ ಒಂದು ಕೊಳವೆಯ ನಂಬಿಕೆಯ ಮೇಲೆ.

ಬೂಸ್ಟ್ ಎಂದರೆ ನನ್ನ ತಲೆಮಾರಿಗೆ ಹಾಲಿಗೆ ಬೆರೆಸುವ ಪುಡಿ, ಕಪಿಲ್ ದೇವ್ ಜಾಹೀರಾತಿನದು. ಇಲ್ಲಿ ಬೂಸ್ಟ್ ಎಂದರೆ ಆ ಒತ್ತಡ. ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂದು ಪಿಎಸ್‌ಐ ಲೆಕ್ಕದಲ್ಲಿ ಹೇಳುತ್ತಾರೆ. ಬಂಕಿನಲ್ಲಿ ಕಾರಿನ ಟೈರಿಗೆ 30 ಹೊಡೆಸುತ್ತೇವಲ್ಲ, ಅದೇ ಅಳತೆ.

ಅಳಿಯ ಜೇಬಿನಿಂದ ಪೊಟ್ಟಣ ತೆಗೆದ. ಅಂಚೆಯಲ್ಲಿ ಬಂದದ್ದು, ಬೆಲೆ 25 ಡಾಲರ್. ಒಳಗೆ ಹೆಬ್ಬೆರಳಿನ ಗಾತ್ರದ ಹಿತ್ತಾಳೆಯ ತುಂಡು. ತಲೆಯಲ್ಲಿ ತಿರುಗಿಸುವ ಸ್ಕ್ರೂ, ಅದರ ಕುತ್ತಿಗೆಗೆ ಲಾಕ್ ನಟ್, ಬುಡಕ್ಕೊಂದು ಪಕ್ಕಕ್ಕೊಂದು ನಿಪ್ಪಲ್. ಬಿಚ್ಚಿ ಅಂಗೈಯ ಮೇಲೆ ಸುರಿದ: ಒಂದು ಸ್ಪ್ರಿಂಗ್, ಒಂದು ಉಕ್ಕಿನ ಗುಂಡು. ಬೇರೆ ಏನೂ ಇಲ್ಲ. ಮ್ಯಾನುಯಲ್ ಬೂಸ್ಟ್ ಕಂಟ್ರೋಲರ್ ಎಂಬ ಅಷ್ಟುದ್ದ ಹೆಸರಿನ ಒಳಗೆ ಸೈಕಲ್ ಅಂಗಡಿಯಲ್ಲಿ ಸಿಗುವ ಎರಡು ಸಾಮಾನು.

ಅದು ಎಂಜಿನ್ನಿಗೆ ಶಕ್ತಿ ಕೊಡುವುದಿಲ್ಲ. ಟರ್ಬೋವನ್ನು ಮುಟ್ಟುವುದೂ ಇಲ್ಲ. ಕೊಳವೆಯ ನಡುದಾರಿಯಲ್ಲಿ ಕೂತು ಸುದ್ದಿ ತರುವ ಹುಡುಗನನ್ನು ನಿಲ್ಲಿಸಿಕೊಳ್ಳುತ್ತದೆ, ಅಷ್ಟೇ. ಸ್ಪ್ರಿಂಗ್ ಗುಂಡನ್ನು ಅದುಮಿ ಹಿಡಿದಿರುವ ತನಕ ಒತ್ತಡ ದಾಟುವುದಿಲ್ಲ. ನೀರಗಂಟಿಗೆ ಕೆರೆ ಇನ್ನೂ ಖಾಲಿ ಇದೆ ಎಂದೇ ಭಾವನೆ. ನಾವು ಇಟ್ಟ ಮಿತಿಗೆ ಒತ್ತಡ ಮುಟ್ಟಿದಾಗ ಗುಂಡು ಎದ್ದು, ಸುದ್ದಿ ಒಮ್ಮೆಲೇ ಹೋಗುತ್ತದೆ. ಸ್ಕ್ರೂ ಬಿಗಿದಷ್ಟೂ ಸುದ್ದಿ ತಡ. ಮನೆಯ ಹಿರಿಯರಿಗೆ ಆಸ್ಪತ್ರೆಯ ರಿಪೋರ್ಟ್ ತೋರಿಸದೆ ಮದುವೆ ಮುಗಿಯಲಿ ಎಂದು ಕಾಯುತ್ತಾರಲ್ಲ, ಆ ಜಾಣತನ ಇದು. ಸುಳ್ಳು ಎನ್ನಲಾಗದು. ನಿಜವನ್ನು ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂರಿಸುವುದು.

“ಹಾಗಾದ್ರೆ ಕಂಪನಿಯವರು ಏನು ಮಾಡಿದ್ರು?”

“ಅವ್ರೂ ಅದನ್ನೇ ಮಾಡಿದ್ದಾರೆ ಮಾವ, ಕರೆಂಟಿನಲ್ಲಿ.” ಮೂಲ ಕಾರಿನಲ್ಲಿ ಒಂದು ಸೊಲೆನಾಯ್ಡ್ ಇದೆ. ಅದು ಕೊಳವೆಯ ಗಾಳಿಯನ್ನು ಅಷ್ಟಿಷ್ಟು ಸೋರಿಸಿ ನೀರಗಂಟಿಗೆ ಅರ್ಧ ಸುದ್ದಿ ಮುಟ್ಟಿಸುತ್ತದೆ. ಎಷ್ಟು ಸೋರಿಸಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಈಗ ಆ ಅಧಿಕಾರ ಕಂಪ್ಯೂಟರಿನಿಂದ ಅಳಿಯನ ಹೆಬ್ಬೆರಳಿಗೆ ಬರಬೇಕು.

ಕೆಲಸ ಶುರುವಾಯಿತು. ಎಂಜಿನ್ ರಾತ್ರಿಯಿಂದ ಮುಟ್ಟದ್ದು, ತಣ್ಣಗಿತ್ತು. ಹಳೆಯ ಕೊಳವೆ ಕಿತ್ತರೆ ಬರಲಿಲ್ಲ. ಕಾಲು ಶತಮಾನದ ಬಿಸಿಗೆ ರಬ್ಬರ್ ಹಪ್ಪಳವಾಗಿತ್ತು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿದ. ಸೊಲೆನಾಯ್ಡನ್ನು ಕೊಳವೆಗಳಿಂದ ಬೇರೆ ಮಾಡಿದರೂ ಅದರ ವೈರ್ ಹಾಗೇ ಬಿಟ್ಟ. ವೈರ್ ತೆಗೆದರೆ ಕಂಪ್ಯೂಟರ್ ‘ನನ್ನ ಮನುಷ್ಯ ಕಾಣೆಯಾಗಿದ್ದಾನೆ’ ಎಂದು ಡ್ಯಾಶ್‌ಬೋರ್ಡಿನಲ್ಲಿ ದೀಪ ಹಚ್ಚುತ್ತದಂತೆ. ಗಾಳಿ ಒಳಬರುವ ದೊಡ್ಡ ಪೈಪಿನಲ್ಲಿ ಸೊಲೆನಾಯ್ಡಿಗೆಂದು ಇದ್ದ ನಿಪ್ಪಲ್ಲಿಗೆ ರಬ್ಬರ್ ಟೋಪಿ ತೊಡಿಸಿದ. ಇಲ್ಲದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಅಲ್ಲಿಂದ ನುಸುಳಿ ಪೆಟ್ರೋಲಿನ ಅಳತೆ ಕೆಡುತ್ತದೆ. ಹೊಸ ಸಿಲಿಕಾನ್ ಕೊಳವೆಯನ್ನು ಗೇಣಿನಿಂದ ಅಳೆದು ಕತ್ತರಿಸಿದ. ಕೊಳವೆ ಗಿಡ್ಡಗಿದ್ದಷ್ಟೂ ಒಳ್ಳೆಯದು, ಉದ್ದವಾದರೆ ಮುಚ್ಚಳ ತೆರೆಯುವುದು ತಡವಾಗುತ್ತದೆ. ಟರ್ಬೋದ ಬಿಸಿಗೆ ತಾಗದ ಹಾಗೆ ಹಿತ್ತಾಳೆಯನ್ನು ಪಕ್ಕದ ಬ್ರಾಕೆಟ್ಟಿಗೆ ಕಟ್ಟಿದ.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕರು ಎಲೆ ಗುಡಿಸುವ ಪೊರಕೆ ಹಿಡಿದು ಬಂದರು. ಆ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಇದ್ದವರು ಎಂದು ಅಳಿಯ ಮೊದಲೇ ಹೇಳಿದ್ದ. ಬಾನೆಟ್ಟಿನೊಳಗೆ ಬಗ್ಗಿ ಏನಾದರೂ ಸಲಹೆ ಕೊಡುತ್ತಾರೆಂದು ಕಾದೆ. ಎಂಜಿನ್ನಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. ಬಾಗಿಲ ಕೆಳಗಂಚಿಗೆ ಬೆರಳು ಸವರಿದರು, ತಲೆದೂಗಿದರು. ಹಿಂದೆ ಹೋದರು, ಸವರಿದರು, ತಲೆದೂಗಿದರು. ಮುಂದಿನ ಬಲಗಡೆಯ ಫೆಂಡರಿಗೆ ಬಂದಾಗ ಬೆರಳು ನಿಂತಿತು. ಕನ್ನಡಕ ತೆಗೆದರು. ಬಿಸಿಲಿಗೆ ಓರೆಯಾಗಿ ನೋಡಿದರು.

“ಇದು ನಮ್ಮ ಕೆಂಪಲ್ಲ.”

ಅಳಿಯ ಎದ್ದು ನಿಂತ. ಇಬ್ಬರೂ ಬಹಳ ಹೊತ್ತು ಆ ಫೆಂಡರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನನಗೆ ಎರಡೂ ಒಂದೇ ಕೆಂಪು. ಆದರೆ ಮುದುಕರಿಗೆ ಸಂಶಯವಿರಲಿಲ್ಲ: ಎಲ್ಲೋ ಗುದ್ದಿದೆ, ಯಾವುದೋ ಶೆಡ್ಡಿನಲ್ಲಿ ಬಣ್ಣ ಹೊಡೆದಿದ್ದಾರೆ, ಕೈ ಚೆನ್ನಾಗಿದೆ. ಮಾರಿದವನು ಈ ವಿಷಯ ಹೇಳಿರಲಿಲ್ಲ. ಅಪಘಾತದ ಲೆಕ್ಕ ಬರೆಯುವ ನಮ್ಮ ಅಳಿಯನಿಗೇ ತನ್ನ ಮನೆಯ ಕಾರಿನ ಅಪಘಾತ ಗೊತ್ತಿರಲಿಲ್ಲ. ಮುದುಕರು ಪೊರಕೆ ಎತ್ತಿಕೊಂಡು ಹೊರಟುಹೋದರು. ಅಳಿಯ ಐದು ನಿಮಿಷ ಸ್ಪ್ಯಾನರ್ ಮುಟ್ಟಲಿಲ್ಲ.

ಎರಡನೆಯ ಕೊಳವೆ ತೊಡಿಸಿ, ಕೊನೆಗೆ ಟೈ ಎಳೆದು ಬಿಗಿದು “ಆಯ್ತು” ಎಂದ. ಅವನ ಮಗಳಿಗೆ ಏಳು ವರ್ಷ. ಅಷ್ಟು ಹೊತ್ತು ಟಾರ್ಚ್ ಹಿಡಿದಿದ್ದಕ್ಕೆ ಕೂಲಿ ಕೇಳುವವಳಂತೆ, “ಅಪ್ಪ, ನಾನು ಊದ್ತೀನಿ” ಎಂದಳು. ಬೆಳಿಗ್ಗೆ ಬಿಡಿಭಾಗ ನೋಡುವಾಗ ಅವಳು ಆ ಹಿತ್ತಾಳೆಯನ್ನು ಪೀಪಿಯ ಹಾಗೆ ಊದಿ, ಗಾಳಿ ಹೋದದ್ದು ಕಂಡು ಕುಣಿದಿದ್ದಳು. ಅಳಿಯ ನಕ್ಕು, ಟರ್ಬೋದ ಕಡೆಯ ಕೊಳವೆಯ ತುದಿ ಬಿಚ್ಚಿ ಅವಳ ಬಾಯಿಗೆ ಕೊಟ್ಟ. ಸ್ಕ್ರೂ ಪೂರ್ತಿ ಸಡಿಲ ಇತ್ತು. ಹುಡುಗಿ ಕೆನ್ನೆ ಉಬ್ಬಿಸಿದಳು, ಮುಖ ಕೆಂಪಾಯಿತು. ಗಾಳಿ ಹೋಗಲಿಲ್ಲ.

“ತಾತ, ಇದು ಕಟ್ಕೊಂಡಿದೆ.”

ಅಳಿಯನ ಮುಖ ನೋಡಬೇಕಿತ್ತು. ಅವನು ಎರಡು ನಿಪ್ಪಲ್ಲನ್ನೂ ಅದಲುಬದಲು ಮಾಡಿದ್ದ. ಒತ್ತಡ ಬುಡದ ನಿಪ್ಪಲ್ಲಿನಿಂದ ಬಂದು ಗುಂಡನ್ನು ಎತ್ತಬೇಕು. ಪಕ್ಕದಿಂದ ಬಂದರೆ ಅದು ಗುಂಡನ್ನು ಇನ್ನಷ್ಟು ಅದುಮಿ ಕೂರಿಸುತ್ತದೆ. ಒತ್ತಡ ಏರಿದಷ್ಟೂ ಬಾಗಿಲು ಬಿಗಿ. ನೀರಗಂಟಿಗೆ ಸುದ್ದಿ ಎಂದೆಂದಿಗೂ ಹೋಗುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ರಸ್ತೆಗಿಳಿದು ಒಮ್ಮೆ ಪೂರ್ತಿ ಕಾಲೂರಿದ್ದರೆ ಪಿಸ್ಟನ್ ಕರಗುವುದೋ ಕನೆಕ್ಟಿಂಗ್ ರಾಡ್ ಬಾಗುವುದೋ ಎಂಜಿನ್ನಿನ ಇಷ್ಟಕ್ಕೆ ಬಿಟ್ಟದ್ದು. ಹಿತ್ತಾಳೆಯ ಮೈಮೇಲೆ ಬಾಣದ ಗುರುತು ಇರಲಿಲ್ಲ, ಜೊತೆಯಲ್ಲಿ ಚೀಟಿಯೂ ಇರಲಿಲ್ಲ. ಅಳಿಯ ತುಟಿಪಿಟಕ್ಕೆನ್ನದೆ ಕೊಳವೆ ಬದಲಿಸಿದ. ಹುಡುಗಿ ಮತ್ತೆ ಊದಿದಳು. ಈ ಸಲ ಗುಂಡು ಒಳಗೆ ಗುಟುಕ್ಕೆಂದು ಎದ್ದು ಗಾಳಿ ಹೋಯಿತು.

ಗಾಳಿ ಹೋಗುವಾಗ ಹಿತ್ತಾಳೆಯ ಪಕ್ಕದಿಂದ ಸಣ್ಣಗೆ ಸ್ಸ್ ಎಂಬ ಸದ್ದು. ಸೂಜಿಮೊನೆಯಷ್ಟು ತೂತು. “ತೂತು ಸಾಮಾನು ಕೊಟ್ಟಿದ್ದಾರಲ್ಲೋ” ಎಂದೆ. ತೂತು ಬೇಕಂತಲೇ ಕೊರೆದದ್ದಂತೆ. ಗುಂಡು ಮತ್ತೆ ಕೂತಾಗ ಅದಕ್ಕೂ ಡಬ್ಬಿಗೂ ನಡುವಿನ ಕೊಳವೆಯಲ್ಲಿ ಒತ್ತಡ ಸಿಕ್ಕಿಕೊಳ್ಳುತ್ತದೆ; ಅದು ಹೊರಹೋಗದಿದ್ದರೆ ತೂಬು ತೆರೆದೇ ಇರುತ್ತದೆ. ಹಳೇ ಸುದ್ದಿ ಸೋರಿಹೋದರೇ ಹೊಸದಕ್ಕೆ ಬೆಲೆ.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನಾವು ಮೂವರೂ ಒಟ್ಟಿಗೆ ಆ ಕಡೆ ತಿರುಗಿದೆವು. ನಮ್ಮ ಕುಕ್ಕರಿನ ವೆಯ್ಟ್ ಏಳುವುದು ಸುಮಾರು 15 ಪಿಎಸ್‌ಐ ಒತ್ತಡಕ್ಕೆ. ಅಳಿಯ ಮುಟ್ಟಬೇಕೆಂದಿದ್ದ ಅಂಕಿಯೂ 15. ವ್ಯತ್ಯಾಸವಿಷ್ಟೇ: ಕುಕ್ಕರಿನ ವೆಯ್ಟನ್ನು ಕಂಪನಿಯವರು ತೂಗಿ ಕೊಟ್ಟಿದ್ದಾರೆ, ಮೇಲೆ ಸೇಫ್ಟಿ ವಾಲ್ವೂ ಇದೆ. ಅದರ ಮೇಲೆ ಸೌಟು ಇಟ್ಟು ಅದುಮುವ ಗೃಹಿಣಿಯನ್ನು ನಾನು ಇದುವರೆಗೆ ಕಂಡಿಲ್ಲ.

ಊಟಕ್ಕೆ ಕೂತಾಗ ನಮ್ಮೂರಿನ ಮಾತು ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಕಡೆ ರವೀಂದ್ರ ಕಲಾಕ್ಷೇತ್ರ, ಅಲ್ಲಿಂದ ಮಿನರ್ವ ಸರ್ಕಲ್ಲಿನ ಕಡೆ ನಡೆದರೆ ಸಾಲುಸಾಲು ಕಾರಿನ ಸಾಮಾನಿನ ಅಂಗಡಿ. ಇಂಥ ತಿದ್ದುಪಡಿ ಮಾಡಿಸುವವರು ಅಲ್ಲಿಯೂ ಇದ್ದಾರೆ. ಅವರು ಒಮ್ಮೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿಕೊಳ್ಳುವುದು ಒಳ್ಳೆಯದು: ನೋಂದಣಿ ಪತ್ರದಲ್ಲಿರುವ ವಿವರ ಬದಲಾಗುವಂತೆ ಗಾಡಿ ತಿದ್ದಬಾರದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿ ಮಾಡಿದೆ. ಇನ್ನೊಂದು ಮಾತು. ಈಗ ನಮ್ಮಲ್ಲಿ ಒಂದು ಲೀಟರಿನ ಪುಟ್ಟ ಕಾರಿಗೂ ಟರ್ಬೋ ಬಂದಿದೆ. ಅವುಗಳಿಗೆ ಈ ಹಿತ್ತಾಳೆ ಆಗದು. ಅವುಗಳ ಕಂಪ್ಯೂಟರ್ ತಾನು ಹೇಳಿದ ಒತ್ತಡಕ್ಕೂ ನಡೆಯುತ್ತಿರುವ ಒತ್ತಡಕ್ಕೂ ತಾಳೆ ನೋಡುತ್ತಲೇ ಇರುತ್ತದೆ. ಬೇರೆ ಯಾರೋ ಕೈಯಾಡಿಸಿದ್ದು ತಿಳಿದರೆ ಮುನಿಸಿಕೊಂಡು ಗಾಡಿಯನ್ನು ಎತ್ತಿನಗಾಡಿ ಮಾಡಿಬಿಡುತ್ತದೆ. ಗುಂಡು-ಸ್ಪ್ರಿಂಗಿನ ಆಟ ಹಳೇ ಕಾರುಗಳಿಗೇ ಸರಿ.

ಮೂರು ಗಂಟೆಗೆ ರಸ್ತೆಗಿಳಿದೆವು. ಟ್ಯಾಂಕಿನಲ್ಲಿ ಪಂಪಿನ ಮೇಲೆ 93 ಎಂದು ಬರೆದಿದ್ದ ಪೆಟ್ರೋಲ್. ಅಮೆರಿಕದ 93 ಆಕ್ಟೇನ್ ನಮ್ಮ ಅಳತೆಯಲ್ಲಿ ಹೆಚ್ಚು ಕಡಿಮೆ 98. ವಿಂಡ್‌ಸ್ಕ್ರೀನಿನ ಪಕ್ಕದ ಕಂಬಕ್ಕೆ ಅಳಿಯ ಹಿಂದಿನ ವಾರವೇ ಹೊಸ ಬೂಸ್ಟ್ ಗೇಜ್ ಕೂರಿಸಿದ್ದ. ಅದರ ಕೊಳವೆ ನೇರ ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಿಂದ ಬರುತ್ತದೆ. ಕಾರಿನ ಜೊತೆ ಬಂದ ಮುಳ್ಳು ಒತ್ತಡ ಅಳೆಯುವುದಿಲ್ಲವಂತೆ, ಕಂಪ್ಯೂಟರ್ ಅಂದಾಜು ಮಾಡಿದ್ದನ್ನು ತೋರಿಸುತ್ತದಂತೆ. ಅಂದಾಜಿನ ಮೇಲೆ ಇವತ್ತು ನಂಬಿಕೆ ಇಡುವ ಹಾಗಿರಲಿಲ್ಲ.

ಇಲ್ಲಿನ ಹಳ್ಳಿ ರಸ್ತೆಗಳು ಚೌಕಾಬಾರದ ಮನೆಗಳ ಹಾಗೆ. ಮೈಲಿಗೊಂದು ಅಡ್ಡರಸ್ತೆ, ಎಲ್ಲ ನೇರ. ಎರಡೂ ಕಡೆ ಕೊಯ್ದು ಮುಗಿದ ಹೊಲ, ಕೂಳೆಯ ಮೇಲೆ ಕಾಗೆಗಳು. ಮೂರನೇ ಗೇರು, ಎರಡೂವರೆ ಸಾವಿರ ಸುತ್ತಿನಿಂದ ಒಂದು ಮಿತಿಯ ತನಕ. ಅಲ್ಲಿಗೆ ವೇಗ ಗಂಟೆಗೆ ಸುಮಾರು 90 ಕಿಲೋಮೀಟರ್. ಅದರಾಚೆ ಹೋಗುವುದಿಲ್ಲ ಎಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ರಸ್ತೆಯ ಮಿತಿಯೂ ಅಷ್ಟೇ, 55 ಮೈಲಿ.

ಮೊದಲ ಓಟ, ಸ್ಕ್ರೂ ಪೂರ್ತಿ ಸಡಿಲ. ಮುಳ್ಳು 9ಕ್ಕೆ ಬಂದು ನಿಂತಿತು. ನೀರಗಂಟಿಯ ಸ್ವಂತ ಸ್ಪ್ರಿಂಗಿನ ತಾಕತ್ತು ಅಷ್ಟು. ಕಾರು ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ, ಅರ್ಧ ಸುತ್ತು. ಎರಡನೆಯ ಓಟ, 11. ಮತ್ತೆ ಇಳಿದು ಅರ್ಧ ಸುತ್ತು. ನನಗೆ ಇದು ದೇವಸ್ಥಾನದಲ್ಲಿ ಪ್ರದಕ್ಷಿಣೆ ಮಾಡಿದ ಹಾಗೆ ಅನಿಸತೊಡಗಿತು. 13ಕ್ಕೆ ಬಂದಾಗ ಮೊದಲ ಸಲ ಬೆನ್ನು ಸೀಟಿಗೆ ಅಂಟಿತು. ಕಿವಿಗೆ ದೂರದಲ್ಲಿ ಯಾರೋ ಸಣ್ಣ ದನಿಯಲ್ಲಿ ಸೀಟಿ ಊದಿದಂತೆ. ಕಾಲು ಎತ್ತಿದೊಡನೆ ಪುಸ್ ಎಂದು ಉಸಿರು ಬಿಟ್ಟ ಸದ್ದು. ಅಳಿಯನ ಮುಖದಲ್ಲಿ ಪಿಯುಸಿ ಹುಡುಗ ಬಂದು ಕೂತಿದ್ದ.

ಮತ್ತೊಂದು ಕಾಲು ಸುತ್ತು, ಆಮೇಲೆ ಇನ್ನೊಂದು ಕಾಲು. ಈ ಸಲ ಮುಳ್ಳು ಒಮ್ಮೆ 16 ಮುಟ್ಟಿ 15ಕ್ಕೆ ಇಳಿದು ನಿಂತಿತು. ಚಳಿಯ ಗಾಳಿ ದಟ್ಟ, ಅದಕ್ಕೇ ಆ ಒಂದು ಹೆಜ್ಜೆ ಜಾಸ್ತಿ ಎಂದ. ಇಬ್ಬರೂ ಕಿವಿಗೊಟ್ಟು ಕೂತಿದ್ದೆವು. ನಾಕಿಂಗ್ ಬಂದರೆ ತಗಡಿನ ಡಬ್ಬಿಯಲ್ಲಿ ಹುರುಳಿಕಾಳು ಅಲ್ಲಾಡಿಸಿದ ಸದ್ದಂತೆ. ಪೆಟ್ರೋಲ್ ತನ್ನ ಸರದಿಗೆ ಮುಂಚೆಯೇ ಸಿಡಿಯುವುದರ ಗುರುತು. ಅಂಥದೇನೂ ಕೇಳಲಿಲ್ಲ. ಆದರೆ ಬಾನೆಟ್ ಎತ್ತಿ ಟರ್ಬೋದಿಂದ ಹೊರಟ ಪೈಪಿನ ಹತ್ತಿರ ಕೈ ಹಿಡಿದರೆ ಮುಟ್ಟುವ ಹಾಗಿರಲಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ. ಎಂಟು ಹತ್ತು ಡಿಗ್ರಿಯ ಗಾಳಿಯನ್ನು 15 ಪಿಎಸ್‌ಐಗೆ ಒತ್ತಿದರೆ ಅದು ನೂರು ಡಿಗ್ರಿಯ ಹತ್ತಿರ ಬಂದಿರುತ್ತದೆ. ತಣಿಸಲು ಚಕ್ರದ ಮುಂದೆ ಒಂದು ಪುಟ್ಟ ಇಂಟರ್‌ಕೂಲರ್ ಇದೆ, ಪಾಪ. ಈ ಕಾರಿನ ಟರ್ಬೋ ಚಿಕ್ಕದು. 15ರಾಚೆ ಅದು ಗಾಳಿಗಿಂತ ಬಿಸಿಯನ್ನೇ ಹೆಚ್ಚು ಕೊಡುತ್ತದೆ. ಕಂಪ್ಯೂಟರಿಗೂ ಒಂದು ಕೊನೆಯ ಬ್ರಹ್ಮಾಸ್ತ್ರವಿದೆ: ಗಾಳಿ ಮಿತಿ ಮೀರಿದರೆ ಪೆಟ್ರೋಲನ್ನೇ ನಿಲ್ಲಿಸಿಬಿಡುವುದು.

ಫಾರ್ಮುಲಾ ಒನ್ ಕಾರುಗಳಿಗೂ ಇದೇ ರೋಗ ಬಂದಿತ್ತು. ಒಂದೂವರೆ ಲೀಟರಿನ ಎಂಜಿನ್ನಿನಿಂದ 1986ರಲ್ಲಿ ಸಾವಿರ ಕುದುರೆಗೂ ಮೀರಿ ಹಿಂಡುತ್ತಿದ್ದರು. ಮರುವರ್ಷ ಸಂಘಟಕರು ಎಲ್ಲ ತಂಡಗಳಿಗೂ ತಾವೇ ಒಂದೊಂದು ವಾಲ್ವ್ ಕೊಟ್ಟು 4 ಬಾರ್‌ಗೆ ಕಟ್ಟಿಹಾಕಿದರು, 1988ರಲ್ಲಿ ಎರಡೂವರೆಗೆ ಇಳಿಸಿದರು, 1989ಕ್ಕೆ ಟರ್ಬೋವನ್ನೇ ಹೊರಗೆ ಹಾಕಿದರು. ಇಲ್ಲಿ ಈ ಹೊಲದ ನಡುವೆ ಸಂಘಟಕರು ಯಾರೂ ಇಲ್ಲ. ಸ್ಕ್ರೂ ಇದೆ, ಅಳಿಯ ಇದ್ದಾನೆ, ನಾನಿದ್ದೇನೆ.

ನನಗೆ ನಮ್ಮ ಅಜ್ಜನ ಊರಿನ ಕೆರೆ ನೆನಪಾಯಿತು. ಒಂದು ವರ್ಷ ಹಿಂಗಾರು ಕೈಕೊಡುತ್ತದೆಂದು ಹೆದರಿದ ಕೆಳಗದ್ದೆಯವರು ರಾತ್ರಿ ಹೋಗಿ ಕೋಡಿಯ ಮೇಲೆ ಎರಡು ವರಸೆ ಕಲ್ಲಿಟ್ಟು ಮಣ್ಣು ಮೆತ್ತಿದರು. ಗೇಣುದ್ದ ನೀರು ಹೆಚ್ಚು ನಿಂತಿತು. ಮೂರನೆಯ ದಿನ ಏರಿಯ ಬುಡದಲ್ಲಿ ಒಂದು ಕಡೆ ಒದ್ದೆ ಕಾಣಿಸಿತು. ಒದ್ದೆ, ಅಷ್ಟೇ, ನೀರಲ್ಲ. ಕಲ್ಲಿಟ್ಟವರೇ ಆ ರಾತ್ರಿ ಲಾಟೀನು ಹಿಡಿದು ಹೋಗಿ ಕಲ್ಲು ತೆಗೆದರು. ಇದನ್ನು ಅಳಿಯನಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವನು ಆಗ ಬಲಗಡೆಯ ಫೆಂಡರನ್ನು ನೋಡುತ್ತ ನಿಂತಿದ್ದ. ಸಂಜೆಯ ಓರೆ ಬಿಸಿಲಿನಲ್ಲಿ ನನಗೂ ಕಂಡಿತು: ಎರಡು ಕೆಂಪು.

“ಸಾಕು ಬಿಡಿ ಮಾವ” ಎಂದ. ಸ್ಕ್ರೂವನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದ. ಇನ್ನೊಂದು ಓಟ ಹೋಗಿ ನೋಡಿದ, 13. ಕೊಳವೆಯ ನಾಲ್ಕೂ ತುದಿಯ ಟೈಗಳನ್ನು ಒಂದೊಂದಾಗಿ ಎಳೆದು ಪರೀಕ್ಷಿಸಿದ. ಸ್ಪ್ಯಾನರಿನಲ್ಲಿ ಲಾಕ್ ನಟ್ ಬಿಗಿದ.

ಒಳಗೆ ಕೂತೇ ತಿರುಗಿಸುವ ಗುಬ್ಬಿಯೂ ಅಂಗಡಿಯಲ್ಲಿ ಸಿಗುತ್ತದಂತೆ, ಹತ್ತು ಡಾಲರ್ ಹೆಚ್ಚು. ಅವನು ತರಿಸಿರಲಿಲ್ಲ. ಇವನ ಸ್ಕ್ರೂ ಬಾನೆಟ್ಟಿನ ಒಳಗಿದೆ. ತಿರುಗಿಸಬೇಕೆಂದರೆ ಕಾರು ನಿಲ್ಲಿಸಿ, ಕೆಳಗಿಳಿಯಬೇಕು.